ಮತ್ತಿಗುಡ್ಡೆ ಹಾಡಿ, ಮನೆ ನಂಬರ್ ಏಳು

ಹತ್ತೊಂಬತ್ತು ವರ್ಷ ಟಪಾಲು ಚೀಲ ಹೊತ್ತ ಚಲುವಯ್ಯ ‘ವಿಳಾಸದಾರರು ಸಿಗಲಿಲ್ಲ’ ಅಂತ ಬರೆದು ಒಂದು ಕಾಗದವನ್ನೂ ವಾಪಸು ಕಳಿಸಿದವನಲ್ಲ. ಆಸಾಮಿ ಹೊಲದಲ್ಲಿದ್ದರೆ ಹೊಲಕ್ಕೆ, ಹನಗೋಡಿನ ಸಂತೆಗೆ ಹೋಗಿದ್ದರೆ ಸಂತೆಗೆ, ನೆಂಟರ ಮನೆ ಸೇರಿಕೊಂಡಿದ್ದರೆ ಆ ಕಡೆಯ ಬಸ್ಸಿನ ಕಂಡಕ್ಟರನ ಕೈಗಾದರೂ ಕೊಟ್ಟು ಮುಟ್ಟಿಸಿದ ಮೇಲೇ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿದ್ದದ್ದು. ಕಾಡಂಚಿನ ಒಂಬತ್ತು ಹಳ್ಳಿ, ಕಾಡಿನ ಜನರ ಮೂರು ಹಾಡಿ ಅವನ ಪಾಲಿಗೆ. ಹಳ್ಳಿಗಳದೇನೂ ತಾಪತ್ರಯವಿಲ್ಲ. ಹಾಡಿಗಳದೇ ಕಷ್ಟ.

ಪಿನ್ ಕೋಡು ಬಂದ ಹೊಸತು. ತನ್ನ ಮನೆಯ ಜಗಲಿಯಲ್ಲೇ ಅಂಚೆ ಕಚೇರಿ ನಡೆಸುತ್ತಿದ್ದ ಪೋಸ್ಟ್ ಮಾಸ್ತರು ಮಹದೇವಯ್ಯನವರು ಮೇಲಿಂದ ಬಂದ ಸುತ್ತೋಲೆಯನ್ನು ಕನ್ನಡಕ ಏರಿಸಿಕೊಂಡು ಓದಿ ಹೇಳಿದರು.

“ನೋಡಯ್ಯಾ, ಇನ್ನು ಮೇಲೆ ಒಂದೊಂದು ಆಫೀಸಿಗೂ ಆರಂಕಿ ನಂಬರಂತೆ. ಅಕ್ಷರ ಕೆಟ್ಟರೂ ಕಾಗದ ದಾರಿ ತಪ್ಪೋದಿಲ್ಲ.”

“ಆಫೀಸಿಗೇನೋ ನಂಬರು ಬಂತು ಸ್ವಾಮಿ. ‘ಈರ, ಕಾಡು’ ಅಂತ ಬರೆದಿರ್ತಾರಲ್ಲ, ಅದನ್ನ ಯಾವ ಈರನಿಗೆ ಕೊಡ್ಲಿ? ನಾಕು ಜನ ಈರಂದಿರವ್ರೆ. ಅದ್ರಲ್ಲೊಬ್ಬ ಸತ್ತೂ ಹೋಗವ್ನೆ.”

“ಸತ್ತೋನಿಗೇ ಬಂದ್ರೆ ಸಲೀಸಲ್ವೇನಯ್ಯಾ. ಅವನೊಬ್ಬ ತಾನೇ ಒಂದೇ ಕಡೆ ಇರೋನು.”

ಇಬ್ಬರೂ ನಕ್ಕರು. ಚಲುವಯ್ಯನಿಗೆ ಆ ನಗುವಿನ ಹಿಂದೆಯೇ ಒಂದು ಯೋಚನೆ ಬಂತು. ಸರ್ಕಾರ ಆಫೀಸಿಗೆ ನಂಬರು ಕೊಟ್ಟ ಮೇಲೆ ತಾನು ಹಾಡಿಗೆ ಕೊಟ್ಟರೆ ಬೇಡ ಅನ್ನುವವರು ಯಾರು?

ಆ ವಾರವೇ ಮತ್ತಿಗುಡ್ಡೆಯ ಹಾಡಿಯಲ್ಲಿ ಯಜಮಾನ ಈರನ ಮಗಳು ನಿಂಗಿಯ ಮದುವೆ. ಗಂಡು ಕೊಡಗಿನ ಕಾಫಿ ತೋಟದ ಕೂಲಿಗಳ ಲೈನು ಮನೆಯಲ್ಲಿದ್ದವನು. ಮೇಸ್ತ್ರಿ ಕರೆದ ಕಡೆ ಹೋಗುವ ಗುಂಪು ಅವನದು. ಚಲುವಯ್ಯ ಒಂದು ಕರಟದಲ್ಲಿ ಟಾರು, ಒಂದು ಕಡ್ಡಿ, ಏಳು ಹಲಗೆ ಚೂರು ಹಿಡಿದುಕೊಂಡು ಹೋದ. ಹಾಡಿಯಲ್ಲಿದ್ದದ್ದು ಏಳೇ ಗುಡಿಸಲು. ಒಂದರಿಂದ ಶುರು ಮಾಡಿ ಬಿದಿರ ತಡಿಕೆಗೆ ಹಲಗೆ ಕಟ್ಟಿ ಬರೆಯುತ್ತಾ ಬಂದು, ಮತ್ತಿ ಮರದ ಬುಡದಲ್ಲಿದ್ದ ಈರನ ಗುಡಿಸಲಿಗೆ ಏಳು ಅಂತ ಬರೆದ.

ಈರ ಎಲೆಯಡಿಕೆ ಉಗಿದು ಹತ್ತಿರ ಬಂದು ನೋಡಿದ.

“ಬುದ್ದಿ, ಪಾರೆಸ್ಟಿನೋರು ಇಂಗೇ ಮರಕ್ಕೆ ನಂಬ್ರು ಒಡೀತಾರೆ. ನಂಬ್ರು ಬಿದ್ದ ಮರ ಮುಂದಿನ ವರ್ಸ ಇರಕಿಲ್ಲ.”

“ಇದು ಕಡಿಯೋ ನಂಬರಲ್ಲ ಕಣೋ ಈರ, ನಿಲ್ಲೋ ನಂಬರು. ನೀನು ಜೇನಿಗೆ ಹೋಗು, ಗೆಣಸಿಗೆ ಹೋಗು, ನಿನ್ನ ಕಾಗದ ಇಲ್ಲಿಗೇ ಬರ್ತದೆ. ನೀನಿಲ್ಲದಿದ್ರೆ ಈ ಹಲಗೆ ಹಿಂದಕ್ಕೆ ಸಿಗಿಸಿ ಹೋಗ್ತೀನಿ. ಬಂದು ನೋಡ್ಕೊ.”

“ನಂಗ್ಯಾರು ಬುದ್ದಿ ಕಾಗ್ದ ಬರೆಯೋರು? ಆನೆ ಬರ್ದಾತೇ?”

“ನಾ ಬರೆಸ್ತೀನಪ್ಪ,” ಅಂದಳು ನಿಂಗಿ. ಅರಿಶಿನದ ಮುಖದ ಹುಡುಗಿ, ಹೊಸ ಸೀರೆಯ ಸೆರಗನ್ನು ಏನು ಮಾಡಬೇಕು ಅಂತ ತಿಳಿಯದೆ ಸೊಂಟಕ್ಕೆ ಸುತ್ತಿಕೊಂಡು ನಿಂತಿದ್ದಳು. “ತೋಟದಲ್ಲಿ ರೈಟರಯ್ಯ ಅವ್ರಂತೆ. ನಮ್ದು ನಿಂತ ಜಾಗ ಅಲ್ಲ, ವರ್ಸಕ್ಕೆ ಮೂರು ತೋಟ. ಆದ್ರೆ ನಿಮ್ದು ಇದೇ ಅಲ್ವಾ?”

ಅವಳ ಅವ್ವ ಕೆಂಚಿ ಒಲೆಯ ಮುಂದಿನಿಂದ ಎದ್ದು ಬಂದಳು. ಹಲಗೆಯ ಮೇಲಿನ ಟಾರನ್ನು ಬೆರಳ ತುದಿಯಿಂದ ಮುಟ್ಟಿ, ಕಪ್ಪಾದ ಆ ಬೆರಳಿನಿಂದಲೇ ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು.

“ನೀ ಬರೆಸವ್ವ. ನಾ ಉಸ್ರಾಡೋಗಂಟ ನಿನ್ನ ಕಾಗ್ದ ಆ ಅಲಗೆ ಇಂದೆ ಒಂದು ವಾರಾನೂ ಬಿದ್ದಿರಕಿಲ್ಲ. ಎಲ್ಲಿದ್ರೂ ಬಂದು ನೋಡ್ಕತೀನಿ.”

ಹಾಗೇ ಆಯಿತು ಕೂಡ. ಯುಗಾದಿಯ ಆಚೆ ಈಚೆ ಒಂದು ಕಾಗದ, ಗೌರಿ ಹಬ್ಬಕ್ಕೆ ಇನ್ನೊಂದು. ನೀಲಿ ಇನ್‌ಲ್ಯಾಂಡ್ ಮೇಲೆ ರೈಟರ ದುಂಡನೆಯ ಅಕ್ಷರ: ಮತ್ತಿಗುಡ್ಡೆ ಹಾಡಿ, ಮನೆ ನಂಬರ್ ಏಳು. ಚಲುವಯ್ಯ ಅದನ್ನು ಮಹದೇವಯ್ಯನವರ ಕಣ್ಣ ಮುಂದೆ ಹಿಡಿದು, “ನೋಡಿ ಸ್ವಾಮಿ, ಬೇರೂರಿತು” ಅಂದ. ಕಾಗದವನ್ನು ಅವನೇ ಓದಿ ಹೇಳುತ್ತಿದ್ದ. ಓದಿದ್ದನ್ನು ಕೆಂಚಿ ಎರಡು ಸಲ ಓದಿಸುತ್ತಿದ್ದಳು, ಎರಡನೇ ಸಲಕ್ಕೆ ಒಂದು ಸೋರೆ ಬುರುಡೆಯಲ್ಲಿ ಜೇನು.

ಮೂರನೇ ಕಾಗದ ಬಂದದ್ದು ಧನುರ್ಮಾಸದಲ್ಲಿ. ಚಲುವಯ್ಯ ಹೋದಾಗ ಹಾಡಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಏಳು ಗುಡಿಸಲೂ ಖಾಲಿ. ಅವನಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ವರ್ಷವೂ ಆ ಹೊತ್ತಿಗೆ ಅವರೆಲ್ಲ ರಾಗಿ ಕುಯ್ಲಿಗೆ, ಒಕ್ಕಣೆಗೆ ಬೆಟ್ಟದಪುರದ ಕಡೆ ಇಳಿಯುವವರೇ. ಈರನ ಗುಡಿಸಲ ಒಳಗೆ ಬಗ್ಗಿ ನೋಡಿದ. ಒಲೆ ಇದ್ದ ಕಡೆ ಬೂದಿ ಇತ್ತು, ಒಲೆಯ ಮೂರು ಕಲ್ಲು ಇರಲಿಲ್ಲ. ಕುಯ್ಲಿಗೆ ಹೋಗುವವರು ಒಲೆಗಲ್ಲನ್ನೂ ಹೊತ್ತುಕೊಂಡು ಹೋಗುತ್ತಾರೆಯೇ ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದು ಹಾಗೇ ಹೋಯಿತು. ಹೇಳಿದ್ದ ಮಾತಿನಂತೆ ಕಾಗದವನ್ನು ಹಲಗೆಯ ಹಿಂದೆ, ಗಾಳಿಗೆ ಹಾರದಂತೆ ಬಿಗಿಯಾಗಿ ಸಿಗಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಸಮಾಧಾನ ಮಾಡಿಕೊಂಡು ಬಂದ. ಆವತ್ತು ಮನೆಯಲ್ಲಿ ಹೆಂಡತಿಗೆ ಹೇಳಿದ, “ಮುಟ್ಟಿಸ್ಬಿಟ್ಟೆ ಕಣೇ. ಮನೇಲಿ ಇಲ್ದಿದ್ರೂ ಮುಟ್ಟಿದಂಗೇ.”

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಂಚಿ ಅಂಚೆ ಕಚೇರಿಯ ಜಗಲಿ ಕೆಳಗೆ ಬಂದು ನಿಂತಳು. ಕೊರಳಲ್ಲಿ ಕರಿಮಣಿ ಇರಲಿಲ್ಲ. ಚಲುವಯ್ಯ ಚೀಲ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ.

“ಏನವ್ವ ಕೆಂಚವ್ವ?”

“ಓಗ್ಬುಟ್ಟ ಬುದ್ದಿ, ನಮ್ಮ ಯಜಮಾನ. ಕಾರ್ತೀಕದಲ್ಲೇ. ಮೂರು ದಿನ ಜರ, ಅಷ್ಟೇ. ಯಜಮಾನ ಸತ್ತ ಮೇಲೆ ಆ ತಾವು ಇರಾಂಗಿಲ್ವಲ್ಲ, ಒಲೆಗಲ್ಲು ಎತ್ಕೊಂಡು ಎಲ್ಲಾರೂವೆ ಅಳ್ಳದಾಚೆಗೆ ಓಗ್ಬುಟ್ಟೋ. ಆಮೇಲೆ ಕುಯ್ಲಿಗೆ ಓಗಿದ್ದೋ, ನಿಂಗಿಗೂ ಬರೆಸಕ್ಕಾಗ್ನಿಲ್ಲ.” ಬಿಚ್ಚಿದ ಚೀಲದ ಕಡೆ ನೋಡುತ್ತಾ ಕೇಳಿದಳು, “ನಮ್ಮ ನಿಂಗೀದೇನೂ ಕಾಗ್ದ ಬರ್ನಿಲ್ವಾ ಬುದ್ದಿ?”

“ಬಂತಲ್ಲವ್ವ. ಧನುರ್ಮಾಸದಲ್ಲೇ. ಅಲ್ಲೇ ಸಿಗಿಸಿದ್ನಲ್ಲ, ಹಲಗೆ ಹಿಂದೆ.”

ಕೆಂಚಿ ಜಗಲಿಯ ಕಂಬ ಹಿಡಿದು ಕೂತಳು. ಮಹದೇವಯ್ಯನವರು ಒಳಗಿನಿಂದ ನೀರು ತರಿಸಿದರು. ಅವಳು ಕುಡಿಯಲಿಲ್ಲ.

“ಆ ತಾವ್ಕೆ ನಾವು ಓಗಾಂಗಿಲ್ಲ ಬುದ್ದಿ. ಯಜಮಾನ ಸತ್ತುದ್ದು ಸೀಮೆಗೆಲ್ಲಾ ಗೊತ್ತಲ್ಲ, ನಿಮ್ಗೂ ಗೊತ್ತಿರ್ತದೆ, ಕಾಗ್ದ ಬಂದ್ರೆ ಅಳ್ಳದಾಚೆಗೇ ತತ್ತೀರಿ ಅಂತಿದ್ದೆ.”

“ನಂಗೆ ಯಾರು ಹೇಳಿದ್ರವ್ವ? ಒಲೆಗಲ್ಲು ಇಲ್ದೆ ಇದ್ದದ್ದ ನಾನೇ ಕಣ್ಣಾರೆ ನೋಡಿದ್ದೆ.” ಚಲುವಯ್ಯನ ದನಿ ಸಣ್ಣದಾಯಿತು. “ನೋಡಿದ್ದೆ ಕಣವ್ವ. ಅರ್ಥ ಆಗ್ಲಿಲ್ಲ.”

ಅವನು ಚೀಲವನ್ನು ಅಲ್ಲೇ ಬಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಟಪಾಲು ಹಂಚದೆ ಇನ್ನೊಂದು ಕೆಲಸಕ್ಕೆ ಹೊರಟದ್ದು ಅದೇ ಮೊದಲು. ಮಹದೇವಯ್ಯನವರು ಹೋಗು ಅಂತ ಕೈ ಆಡಿಸಿದರು. ಕೆಂಚಿಯೂ ಹಿಂದೆ ಬಂದಳು. ಹಾಡಿಗೆ ಕೂಗಳತೆ ದೂರ ಇರುವಾಗ ಒಂದು ಕಲ್ಲಿನ ಹತ್ತಿರ ನಿಂತುಬಿಟ್ಟಳು. “ನೀವೇ ಓಗಿ ತನ್ನಿ ಬುದ್ದಿ, ಇಲ್ಲೇ ಇರ್ತೀನಿ.”

ಗುಡಿಸಲ ಮುಂದೆ ಹುಲ್ಲು ಮೊಳಕಾಲಿಗೆ ಬಂದಿತ್ತು. ಏಳು ಅನ್ನುವ ಅಂಕಿ ಮಾಸಿತ್ತು, ಅಳಿಸಿರಲಿಲ್ಲ. ಚಲುವಯ್ಯ ಹಲಗೆಯ ಹಿಂದೆ ಕೈ ಹಾಕಿದ. ಏನೂ ಇಲ್ಲ. ಬಿದ್ದಿರಬೇಕು ಅಂತ ಕೆಳಗೆ ನೋಡಿದ.

ಕಾಗದ ಕೆಳಗೆ ಇತ್ತು. ಬಿದ್ದದ್ದಲ್ಲ, ಇಟ್ಟದ್ದು. ಮೇಲೆ ಒಂದು ಕಲ್ಲು. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. ಅದರ ಮುಂದೆ ನೆಲ ಸಾರಿಸಿ ಮುತ್ತುಗದ ಎಲೆ ಹಾಕಿ ಎಡೆ ಇಟ್ಟಿದ್ದರು. ಎಲೆಗಳು ಒಣಗಿ ಮುದುಡಿದ್ದವು, ಅನ್ನ ಇರುವೆಯ ಪಾಲಾಗಿತ್ತು. ಒಂದು ಎಲೆಯ ಪಕ್ಕ ಹೊಗೆಸೊಪ್ಪಿನ ಎಸಳು, ಅಡಿಕೆ. ಇನ್ನೊಂದು ಎಲೆಯ ಮೇಲೆ ಹಸಿರು ಗಾಜಿನ ಬಳೆ, ಒಂದು ಡಜನ್ನು, ಅಂಗಡಿಯ ದಾರ ಬಿಚ್ಚದೆ.

ಚಲುವಯ್ಯ ಎಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದನೋ. ಹಿಂದೆ ಹುಲ್ಲು ಸರಿದ ಸದ್ದಾಯಿತು. ಕಲ್ಲಿನ ಹತ್ತಿರ ನಿಂತಿದ್ದ ಕೆಂಚಿ ಕಾಯಲಾರದೆ ಬಂದಿದ್ದಳು.

“ಎಲ್ಡು ಎಲೆ,” ಅಂದಳು.

ಬಗ್ಗಿ ಬಳೆ ಇದ್ದ ಎಲೆಯ ಅಂಚು ಮುಟ್ಟಿದಳು.

“ಒಂದು ಅವ್ರಪ್ಪಂದು. ಇದು ನಂದು ಬುದ್ದಿ.”

ಬಂದ ಮಗಳು ಏನು ನೋಡಿದಳು ಅನ್ನುವುದು ಇಬ್ಬರಿಗೂ ಆಗ ಗೊತ್ತಾಯಿತು. ಖಾಲಿ ಹಾಡಿ ನೋಡಿದಳು, ಒಲೆಗಲ್ಲು ಇಲ್ಲದ್ದು ನೋಡಿದಳು. ಅವಳು ಹಾಡಿಯ ಮಗಳು. ಸಾವಾಗಿದೆ ಅಂತ ಚಲುವಯ್ಯನ ಹಾಗಲ್ಲದೆ ಒಂದೇ ನೋಟಕ್ಕೆ ತಿಳಿದುಕೊಂಡಳು. ಹಲಗೆಯ ಹಿಂದೆ ತಾನು ಬರೆಸಿದ ಕಾಗದ ಒಡೆಯದೆ ಇತ್ತು. ಉಸಿರಾಡುವ ತನಕ ಬಂದು ನೋಡುತ್ತೇನೆ ಅಂದಿದ್ದ ಅವ್ವ ಬಂದು ನೋಡಿರಲಿಲ್ಲ.

“ಓದಿ,” ಅಂದಳು ಕೆಂಚಿ.

ಚಲುವಯ್ಯ ಒಡೆದ. ಅಕ್ಷರ ರೈಟರದು, ಮಾತು ನಿಂಗಿಯದೇ.

‘ಅಪ್ಪನಿಗೂ ಅವ್ವನಿಗೂ ನಿಂಗಿ ಮಾಡುವ ಶರಣು. ನನಗೆ ಆರು ತಿಂಗಳು. ಚೊಚ್ಚಲು ಅವ್ವನ ಹತ್ತಿರವೇ ಆಗಬೇಕು ಅಂತ ಆಸೆ. ಅಪ್ಪ ಸಂಕ್ರಾಂತಿ ಒಳಗೆ ಬಂದು ಕರೆದುಕೊಂಡು ಹೋಗಲಿ. ಬರದಿದ್ದರೆ ನಾನೇ ಬರುತ್ತೇನೆ, ದಾರಿ ಗೊತ್ತು. ಕಾಫಿ ಕುಯ್ಲು ಮುಗಿದ ಮೇಲೆ ಮೇಸ್ತ್ರಿ ನಮ್ಮನ್ನು ಕೇರಳದ ಕಡೆ ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿ ಯಾವ ಊರೋ ಏನೋ ತಿಳಿಯದು. ಅವ್ವನಿಗೆ ಹೇಳುವುದು, ಹುಳಿ ತಿನ್ನಬೇಕು ಅನ್ನಿಸುತ್ತದೆ, ಇಲ್ಲಿಯ ಹುಣಿಸೆ ನಮ್ಮ ಹಾಗಿಲ್ಲ.’

ಈ ಸಲ ಕೆಂಚಿ ಎರಡನೇ ಸಲ ಓದಿ ಅನ್ನಲಿಲ್ಲ. ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದಳು. ಒಂಬತ್ತಕ್ಕೆ ಬಂದು ನಿಲ್ಲಿಸಿದಳು.

ಚಲುವಯ್ಯ ಅದೇ ದಿನ ತೋಟಕ್ಕೆ ಕಾಗದ ಬರೆದ. ನಿನ್ನ ಅವ್ವ ಬದುಕಿದ್ದಾಳೆ ಅಂತ ಮೊದಲನೇ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ. ಹದಿನೇಳು ದಿನಕ್ಕೆ ಅದು ತಿರುಗಿ ಬಂತು. ಮೇಲೆ ಅಡ್ಡಗೆರೆ ಎಳೆದು ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಗುಂಪು ಹೊರಟುಹೋಗಿದೆ. ಹೋದ ಕಡೆಯ ವಿಳಾಸ ತಿಳಿಯದು.’ ಮಹದೇವಯ್ಯನವರು ಅದನ್ನು ಅವನ ಕೈಗೆ ಕೊಡುವಾಗ ಮುಖ ನೋಡಲಿಲ್ಲ. ಅವನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಎಷ್ಟೋ ದಿನ ಆ ಅಂಗಿಯನ್ನು ಒಗೆಯುವಾಗ ಹೆಂಡತಿ ಅದನ್ನು ತೆಗೆದಿಟ್ಟು, ಮತ್ತೆ ಅದೇ ಜೇಬಿಗೆ ಇಡುತ್ತಿದ್ದಳು.

ವಿಷಯ ಹೇಳೋಣ ಅಂತ ಹಳ್ಳದಾಚೆಯ ಹೊಸ ಹಾಡಿಗೆ ಹೋದರೆ ಅಲ್ಲಿ ಕೆಂಚಿ ಇರಲಿಲ್ಲ. ಹಾಡಿಯ ಮುದುಕಿಯೊಬ್ಬಳು ಬಾಯಿಗೆ ಬಂದಂತೆ ಬೈಯುತ್ತಾ ಕೂತಿದ್ದಳು.

“ಓಗ್ಬುಟ್ಲು ಕಣಪ್ಪ, ಒಲೆಗಲ್ಲು ಒತ್ಕೊಂಡು. ಸತ್ತೋನ ತಾವ್ಕೆ ಯಾರಾರ ತಿರುಗಿ ಓಗ್ತಾರಾ? ನಮ್ಮಪ್ಪನ ಕಾಲ್ದಲ್ಲಿ ಕಂಡಿಲ್ಲ, ನಮ್ಮಜ್ಜನ ಕಾಲ್ದಲ್ಲಿ ಕಂಡಿಲ್ಲ. ಎಲ್ಲಾ ಆ ನಿನ್ನ ಟಾರಿನ ದೆಸೆ.”

ಚಲುವಯ್ಯ ಹಳೇ ಹಾಡಿಯ ಕಡೆ ನಡೆದ. ದೂರದಿಂದಲೇ ಹೊಗೆ ಕಂಡಿತು. ಆರು ಗುಡಿಸಲು ಕುಸಿದು ಕೂತಿದ್ದವು. ಏಳನೆಯದರ ಮುಂದೆ ಹುಲ್ಲು ಕಿತ್ತು ಗುಡಿಸಿತ್ತು. ಕೆಂಚಿ ಒಲೆಯ ಮೇಲೆ ಗೆಣಸು ಬೇಯಲಿಟ್ಟು ಹೊರಗೆ ಕೂತಿದ್ದಳು. ಈರನ ಎಲೆ ಇದ್ದಲ್ಲೇ ಇತ್ತು, ಹೊಗೆಸೊಪ್ಪಿನ ಸಮೇತ. ಇನ್ನೊಂದು ಇರಲಿಲ್ಲ. ಬಳೆಗಳನ್ನು ಹಲಗೆ ಕಟ್ಟಿದ ಹುರಿಗೆ ನೇತುಹಾಕಿದ್ದಳು.

ಅವನ ಖಾಲಿ ಕೈ ನೋಡಿ ಅವಳಿಗೆ ಅರ್ಥವಾಯಿತು.

“ಬುಡಿ ಬುದ್ದಿ. ಅವ್ಳು ಎಲ್ಲಿದ್ರೂ ಅವ್ಳಿಗೆ ಗೊತ್ತಿರೋ ತಾವು ಇದೊಂದೇಯ. ನಾ ಅಳ್ಳದಾಚೆ ಇದ್ರೆ ಸತ್ತಂಗೇ ಅಲ್ವಾ?”

“ಭಯ ಆಗಾಕಿಲ್ವೇನವ್ವ, ಒಬ್ಬಳೇ?”

“ಒಬ್ಬಳೇನು, ಅವ್ರಪ್ಪ ಇಲ್ಲೇ ಅವ್ನಲ್ಲ.” ಅವಳು ಎದ್ದು ಸೆರಗಿನಿಂದ ಹಲಗೆ ಒರೆಸಿದಳು. “ನಂಬ್ರು ಮಾಸೋಗೈತೆ. ನಾಳೆ ಬರಾಗ ಒಸಿ ಟಾರು ತನ್ನಿ.”

ಮರುದಿನ ಅವನು ತಂದ. ಆವತ್ತು ಮತ್ತಿಗುಡ್ಡೆಗೆ ಯಾವ ಕಾಗದವೂ ಇರಲಿಲ್ಲ. ಆಮೇಲೂ ಇರಲಿಲ್ಲ. ಆದರೂ ವಾರಕ್ಕೆ ಎರಡು ದಿನ ಅವನ ಸೈಕಲ್ಲು ಮತ್ತಿ ಮರದ ತನಕ ಹೋಗಿ ನಿಲ್ಲುತ್ತಿತ್ತು. ಅವನು ಗಂಟೆ ಹೊಡೆದು ಕೂಗುತ್ತಿದ್ದ.

“ಕೆಂಚವ್ವ, ಇದ್ದೀಯಾ?”

“ಇವ್ನಿ ಬುದ್ದಿ,” ಅಂತ ಒಳಗಿನಿಂದ ದನಿ ಬರುತ್ತಿತ್ತು. ಅವನು ಸೈಕಲ್ಲು ತಿರುಗಿಸುತ್ತಿದ್ದ.