ಒಬ್ಬಳೇ ಇರುವ ಪಾಠ

"ಚಿಲಕ ಹಾಕ್ಕೊಂಡ್ಯೇನಮ್ಮ?"

"ಹಾಕ್ಕೊಂಡೆ. ನೀನಿನ್ನೂ ಬಾಗ್ಲಲ್ಲೇ ಇದೀಯಾ?"

"ಹೊರಟೆ, ಹೊರಟೆ," ಎಂದು ಅಪ್ಪ ನಿಂತಲ್ಲೇ ಕಾಲು ಸಪ್ಪಳ ಮಾಡಿದ.

"ಸುಳ್ಳು! ಉಸಿರು ಕೇಳಿಸ್ತಿದೆ."

ಈ ವರ್ಷ ಏನು ಕಲಿಯಬೇಕೆಂದು ನೀವೇ ಆರಿಸಿಕೊಳ್ಳಿ, ಮನೆಯವರು ಜೊತೆಗೆ ನಿಲ್ಲಲಿ ಎಂದು ಟೀಚರು ಮಕ್ಕಳಿಗೆ ಹೇಳಿದ್ದರು. ಯಾರೋ ಸೈಕಲ್ ಅಂದರು, ಯಾರೋ ಈಜು ಅಂದರು. ಮಗಳು ಗುಬ್ಬಿ ಎದ್ದು ನಿಂತು, "ಮನೇಲಿ ಒಬ್ಳೇ ಇರೋದು" ಎಂದಳಂತೆ. ಅಮ್ಮ ತೀರಿಕೊಂಡ ಮೇಲೆ ಅವಳು ಅಪ್ಪನ ಬೆನ್ನು ಬಿಟ್ಟವಳಲ್ಲ. ಶಾಲೆ ಬಿಟ್ಟೊಡನೆ ಅವನು ಕೆಲಸ ಮಾಡುವ ಬೇಕರಿಗೆ ಬಂದು, ಹಿಟ್ಟಿನ ಮೂಟೆಗಳ ನಡುವೆ ಹೋಮ್‌ವರ್ಕ್ ಮಾಡಿ, ಒಲೆಯ ಕಾವಿಗೆ ಅಲ್ಲೇ ತೂಕಡಿಸುತ್ತಿದ್ದಳು.

"ಬೇಕರೀಲಿ ಏನೇ ತೊಂದ್ರೆ ನಿಂಗೆ?" ಎಂದು ಕೇಳಿದ್ದ.

"ತೊಂದ್ರೆ ಏನಿಲ್ಲ. ನಂಗೆ ಭಯ ಅಂತ ನಂಗೇ ಬೇಜಾರು."

ಮೊದಲ ದಿನಗಳಲ್ಲಿ ಅವನು ಬಾಗಿಲಾಚೆಯೇ ನಿಂತಿದ್ದ. ಆಮೇಲೆ ಮೆಟ್ಟಿಲ ಕೆಳಗೆ, ಆಮೇಲೆ ಬೀದಿಯ ತಿರುವಿನಲ್ಲಿ. ಒಮ್ಮೆ ಕಿಟಕಿ ಗಾಳಿಗೆ ಬಡಿದುಕೊಂಡು, ಅವಳು ಬರಿಗಾಲಲ್ಲಿ ಅಳುತ್ತಾ ಓಡಿ ಬಂದಳು. "ಸಾಕು ಬಿಡು ಮಗಳೇ," ಎಂದು ಎತ್ತಿಕೊಂಡಾಗ ಅವನ ಎದೆ ಹಗುರಾಯಿತು. ಅದಕ್ಕೆ ಅವನಿಗೇ ನಾಚಿಕೆಯಾಯಿತು. ಗುಬ್ಬಿ ಮೂಗೊರೆಸಿಕೊಂಡು, "ನಾಳೆ ಮತ್ತೆ ಮಾಡೋಣ," ಎಂದಳು. ಮರುದಿನ ಅವನೇ ಕಿಟಕಿಗೆ ಹೊಸ ಕೊಕ್ಕೆ ಬಡಿದ.

ಇಂದು ಅವನು ಬೇಕರಿಗೇ ಹೋಗಿ, ಕೆಲಸ ಮುಗಿಸಿ ಬರುವುದೆಂದು ಒಪ್ಪಂದವಾಗಿತ್ತು. ಕೊನೆಗೂ ಮನಸ್ಸು ಗಟ್ಟಿ ಮಾಡಿಕೊಂಡು ಹೊರಟ. ಹಿಟ್ಟು ನಾದುವಾಗಲೂ ಕಿವಿಯೆಲ್ಲ ಬೀದಿಯ ಕಡೆಗೆ. ಯಾರೋ ಮೂಟೆಗಳ ನಡುವೆ ಖಾಲಿ ಟ್ರೇ ಪೇರಿಸಿಟ್ಟರು. ಅಲ್ಲಿ ಬೇಡ ಎನ್ನಲು ಬಾಯಿ ತೆರೆದವನು ಮತ್ತೆ ಹಿಟ್ಟಿಗೆ ಕೈ ಹಾಕಿದ. ತಲೆನೋವೆಂದು ಯಜಮಾನರಿಗೆ ಹೇಳಿ ಬೇಗನೆ ಮನೆಗೆ ಓಡಿದ.

ಒಳಗಿನಿಂದ ಹಾಡು ಕೇಳುತ್ತಿತ್ತು. ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಅವನು ಬಾಗಿಲು ತಟ್ಟಿದ.

"ಯಾರು?"

"ನಾನು ಕಣೇ."

"ಇಷ್ಟು ಬೇಗ ಯಾಕ್ ಬಂದೆ? ಟೈಮ್ ಆಗಿಲ್ಲ. ಹೋಗಪ್ಪಾ, ಆಮೇಲೆ ಬಾ!"

"ಎಲ್ಲಿಗೆ ಹೋಗ್ಲಿ?"

"ಎಲ್ಲಿಗಾದ್ರೂ!" ಎಂದವಳೇ ಮತ್ತೆ ಹಾಡತೊಡಗಿದಳು.

ಅವನು ಮೆಟ್ಟಿಲಿಳಿದ. ಜನರೆಲ್ಲ ಮನೆ ಸೇರುವ ಹೊತ್ತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬಸ್ ಸ್ಟಾಪಿನ ಬೆಂಚಿನ ಮೇಲೆ ಹೋಗಿ ಕೂತ. ಬಸ್ಸೊಂದು ಬಂದು ನಿಂತಿತು. ಇವನು ಹತ್ತುತ್ತಾನೇನೋ ಎಂದು ಡ್ರೈವರು ಸ್ವಲ್ಪ ಕಾದು, ಬಾಗಿಲು ಹಾಕಿಕೊಂಡು ಹೊರಟ.