ಶಿವಶರಣಪ್ಪನವರ ಗಾಂಜಾ ಕಾರ್ಡು

ಮಳೆ ಬಂತ್ರಿ ಎಂದರೆ 'ಅಂದ್ರ?', ಊಟ ಆತೇನ್ರಿ ಎಂದರೆ 'ಅಂದ್ರ?', ನಿಮ್ಮ ಅಂಗಡಿಯ ಒಣದ್ರಾಕ್ಷಿ ಭಾಳ ಸಿಹಿ ಐತ್ರಿ ಎಂದು ಹೊಗಳಿದರೂ 'ಅಂದ್ರ?' – ಹೀಗೆ ಅರವತ್ತೆಂಟು ವರ್ಷದ ಬಾಳನ್ನು ಒಂದೇ ಪ್ರಶ್ನೆಯ ಊರುಗೋಲು ಹಿಡಿದು ನಡೆದುಬಂದವರು ನಮ್ಮ ಶಿವಶರಣಪ್ಪನವರು. ಕಿವಿ ಚೆನ್ನಾಗಿಯೇ ಇತ್ತು, ಬುದ್ಧಿಗೂ ಕೊರತೆಯಿರಲಿಲ್ಲ. ಎದುರಿನವರ ಮಾತು ತಮ್ಮೊಳಗೆ ಪೂರ್ತಿ ಇಳಿಯದ ಹೊರತು ಹೆಜ್ಜೆ ಎತ್ತಬಾರದೆಂಬುದು ಅವರು ತಾವೇ ಹಾಕಿಕೊಂಡ ವ್ರತ. ನಡಿಗೆಯೂ ಹಾಗೆಯೇ: ನಾಲ್ಕು ಹೆಜ್ಜೆ ನಡೆದು, ಏನನ್ನೋ ಬೀಳಿಸಿಕೊಂಡವರ ಹಾಗೆ ಹಿಂತಿರುಗಿ ನೋಡಿ, ಮತ್ತೆ ಮುಂದಕ್ಕೆ. ಗಿರಾಕಿಗಳು ಬೇಸತ್ತರೂ ಬಿಟ್ಟು ಹೋಗುತ್ತಿರಲಿಲ್ಲ, ಏಕೆಂದರೆ ಇಷ್ಟು ಕೇಳುವ ಮನುಷ್ಯ ತೂಕದಲ್ಲಿ ಮೋಸ ಮಾಡಲಾರನೆಂದು ಎಲ್ಲರೂ ನಂಬಿದ್ದರು.

ಕಾಗೆ ಕೂಡ ನೆರಳು ಹುಡುಕುವ ವಿಜಯಪುರದ ವೈಶಾಖದಲ್ಲೂ ಅವರು ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟೇ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಿಂದ ಅಂಗಡಿಗೆ ಹೊರಡುತ್ತಿದ್ದರು. ಆ ಕೋಟಿಗೆ ಆಳವಾದ ಒಳಕಿಸೆಯೊಂದಿತ್ತು, ಕಿಸೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಕಾರ್ಡುಗಳ ಕಟ್ಟೊಂದಿತ್ತು: ರೇಷನ್ ಕಾರ್ಡು, ಆಧಾರ್ ಕಾರ್ಡು, ಬಸ್ಸಿನ ರಿಯಾಯಿತಿ ಕಾರ್ಡು, ಎಂದೋ ಬಾಗಿಲು ಮುಚ್ಚಿದ ವಾಚನಾಲಯದ ಕಾರ್ಡು. ಸೆಕೆಯಾಗುವುದಿಲ್ಲವೇ ಎಂದು ಕೇಳಿದರೆ ಹೇಳುತ್ತಿದ್ದರು: "ಕಾರ್ಡ್ ಐತಿ ಅಂದ್ರ ಕಾಯ್ದೆ ಐತಿ. ಕಾಯ್ದೆ ಐತಿ ಅಂದಮ್ಯಾಲ ಅಂಜಿಕಿ ಯಾಕ?"

ಇಂಥವರ ಮನೆಯೊಳಗೆ ಅರ್ಥವೇ ಆಗದ ಸಂಕಟವೊಂದು ಬಂದು ಕೂತಿತು. ಪತ್ನಿ ಮುರಿಗೆವ್ವನಿಗೆ ಪಕ್ಕೆಯ ಮೇಲೆ ಸರ್ಪಸುತ್ತು ಎದ್ದು, ಗುಳ್ಳೆಗಳೇನೋ ಬಾಡಿ ಉದುರಿದವು. ಉರಿ ಮಾತ್ರ ಉಳಿಯಿತು. ಸೀರೆಯ ಸೆರಗು ತಾಗಿದರೆ ಕೆಂಡ ತಾಗಿದಂತೆ. ಓಣಿಯ ತುದಿಗೆ ಕೇಳುವ ದನಿಯಲ್ಲಿ ಸಂಸಾರ ನಡೆಸಿದ ಹೆಂಗಸು ಈಗ ಪಿಸುಗುಟ್ಟುವುದಕ್ಕೂ ಹಲ್ಲು ಕಚ್ಚಬೇಕಾಯಿತು. ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ತೂಕಡಿಸುತ್ತಿದ್ದಳು. "ಗ್ವಾಡಿನ ನನ್ನ ಹಾಸಗಿ ಆತು ನೋಡ್ರಿ," ಎಂದು ನಗಲು ಹೋಗಿ ಮುಖ ಕಿವುಚುತ್ತಿದ್ದಳು. ಗುಳಿಗೆ ನುಂಗಿದರೆ ತಲೆ ಗಿರಗಿರ ತಿರುಗುತ್ತಿತ್ತು, ನೋವು ಇದ್ದಲ್ಲೇ ಇರುತ್ತಿತ್ತು. ಅವಳನ್ನು ಹಾಸಿಗೆಯ ಮೇಲೆ ಮಲಗಿದ್ದು ನೋಡಬೇಕೆಂಬುದೊಂದೇ ಶಿವಶರಣಪ್ಪನವರ ಆಸೆಯಾಯಿತು.

ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ನದೀಮ ಒಂದು ಮಧ್ಯಾಹ್ನ ಫೋನು ಹಿಡಿದು ಬಂದ. "ಕಾಕಾ, ಅಮೆರಿಕಾದಾಗ ಇಂಥಾ ನೋವಿಗೆ ಗಾಂಜಾ ಕೊಡತಾರಂತ. ಅದಕ್ಕ ಮೊದಲ ಕಾರ್ಡ್ ಮಾಡಿಸಬೇಕಂತ."

"ಅಂದ್ರ?"

"ಅಂದ್ರ... ಕಾರ್ಡ್ ರೀ ಕಾಕಾ. ಸರಕಾರದ್ದು."

ಅಮೆರಿಕ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಗೆ ಹೋಯಿತು. ಕಾರ್ಡು ಎಂಬುದು ಒಳಗೇ ನಿಂತಿತು. ಮನೆಯಲ್ಲಿ ಮಾತ್ರ ಈ ಮಾತು ಎತ್ತುವಂತಿರಲಿಲ್ಲ. ಮುರಿಗೆವ್ವನ ಒಬ್ಬನೇ ತಮ್ಮ ಚಿಲುಮೆ ಹಿಡಿದು, ಹೊಲಮನೆ ಬಿಟ್ಟು, ಮಣ್ಣು ಪಾಲಾಗಿ ಹೋಗಿದ್ದ. ಗಾಂಜಾ ಎಂಬ ಹೆಸರು ಕೇಳಿದರೇ ಅವಳು ಎದ್ದು ಹೋಗುತ್ತಿದ್ದಳು.

ಶಿವಶರಣಪ್ಪನವರ ಹುಟ್ಟೂರು ಹೊನವಾಡ, ಆದ್ದರಿಂದ ತಾಲೂಕು ತಿಕೋಟಾ, ಆದ್ದರಿಂದ ಕಾರ್ಡು ಅಲ್ಲಿಯೇ ಸಿಗಬೇಕೆಂಬುದು ಅವರ ತರ್ಕ. ಕಚೇರಿಯ ಕಿಟಕಿಗೆ ಕೋಟಿನ ಎದೆಯೊತ್ತಿ, ಹಿಂದೆ ನಿಂತ ಸಾಲಿಗೆಲ್ಲ ಕೇಳುವಂತೆ, "ಗಾಂಜಾ ಕಾರ್ಡಿಂದು ಅರ್ಜಿ ಎಲ್ಲಿ ಕೊಡತಾರ್ರಿ?" ಎಂದು ಕೇಳಿಬಿಟ್ಟರು. ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು. ಗುಮಾಸ್ತ ಕುರ್ಚಿಯಿಂದ ಅರ್ಧ ಎದ್ದ.

"ಯಜಮಾನ್ರ, ಸಾವಕಾಶ ಮಾತಾಡ್ರಿ!"

"ಅಂದ್ರ? ಔಷಧದ ಮಾತು ಸಾವಕಾಶ ಯಾಕ ಆಡಬೇಕು?"

"ಯಪ್ಪಾ, ಗಾಂಜಾಕ್ಕ ಇಲ್ಲಿ ಕಾರ್ಡ್ ಕೊಡೂದಿಲ್ರಿ, ಬೇಡಿ ಹಾಕತಾರ!"

ಅವರು ವಿಜಯಪುರಕ್ಕೆ ಬಂದು ಬಸ್ಸಿಳಿಯುವ ಮೊದಲೇ ಅವರ ಹೊಸ ಹೆಸರು ಊರು ಮುಟ್ಟಿತ್ತು. ಗಾಂಜಾ ಶಿವಶರಣಪ್ಪ! ನಾಲ್ಕು ದಶಕ ಒಂದು ಕಾಳೂ ಕಡಿಮೆ ತೂಗದ ಮನುಷ್ಯನಿಗೆ ಊರು ಕೊಟ್ಟ ಬಿರುದು ನೋಡಿ. ಪ್ರಸಾದಕ್ಕೆಂದು ವರ್ಷವರ್ಷವೂ ಒಣದ್ರಾಕ್ಷಿ ಒಯ್ಯುತ್ತಿದ್ದ ಮಠದವರು ಸದ್ದಿಲ್ಲದೆ ಬೇರೆ ಅಂಗಡಿಗೆ ಹೋದರು. ಬಾಯಿ ಬಿಟ್ಟು ಯಾರೂ ಏನೂ ಕೇಳಲಿಲ್ಲ; ಕೇಳಿದ್ದರೆ ಹೇಳುತ್ತಿದ್ದರು ಪಾಪ. ಹೊಸ್ತಿಲು ದಾಟಲಾಗದೆ ಗೋಡೆ ಹಿಡಿದು ಕೂತ ಮುರಿಗೆವ್ವನ ಕಿವಿಗೆ ಮಾತ್ರ ಆ ಹೆಸರು ಬೀಳಲಿಲ್ಲ.

ಆದರೂ ಛಲ ಬಿಡಲಿಲ್ಲ. ಬಬಲೇಶ್ವರದಲ್ಲಿ ಯಾರೋ ಮಾಡಿಕೊಡುತ್ತಾರೆಂಬ ಗಾಳಿಮಾತು ಹಿಡಿದು ಅಲ್ಲಿಗೂ ಹೋದರು. ಕಂಪ್ಯೂಟರ್ ಇಟ್ಟುಕೊಂಡಿದ್ದ ಒಬ್ಬ ಪುಣ್ಯಾತ್ಮ ಇವರ ಫೋಟೋ ತೆಗೆದು, ಪಕ್ಕಕ್ಕೆ ಹಸಿರೆಲೆಯ ಚಿತ್ರವಿಟ್ಟು, ಕೆಳಗೊಂದು ದುಂಡನೆಯ ಮೊಹರು ಒತ್ತಿ, ಮಿರಮಿರ ಮಿಂಚುವ ಕಾರ್ಡು ಕೈಗಿಟ್ಟ. ಅವನು ಕೇಳಿದಷ್ಟೂ ದುಡ್ಡು ಕೊಟ್ಟು, ಔಷಧ ಎಲ್ಲಿ ಎಂದು ಕೇಳಿದರೆ, "ಔಷಧ ನೀವ ನೋಡ್ಕೋರಿ, ನಂದು ಕಾರ್ಡ್ ಅಷ್ಟ," ಎಂದನಂತೆ.

ಕೊನೆಗೆ ಮುರಿಗೆವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ಊರಿನ ಆಯುರ್ವೇದದ ವೈದ್ಯರೊಬ್ಬರ ಹತ್ತಿರ ಹೋದರು. ವೈದ್ಯರು ಅವಳನ್ನು ಪರೀಕ್ಷಿಸಿ ಹೊರಗೆ ಕಳಿಸಿದ ಮೇಲೆ ಇವರು ಮೆಲ್ಲಗೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ವೈದ್ಯರು ತಿರುವಿ ತಿರುವಿ ನೋಡಿ ನಕ್ಕರು. "ಇದು ಲಗ್ನಪತ್ರಿಕಿ ಇದ್ದಾಂಗ ಐತ್ರಿ, ನೋಡಾಕ ಚಂದ. ನಮ್ಮಲ್ಲಿ ಇಂಥಾ ಕಾರ್ಡ ಇಲ್ಲ. ನನ್ನ ಚೀಟಿ ಸಾಕು. ವಿಜಯಾ ಬರಕೊಟ್ಟೇನಿ, ದಿನಾ ಸಂಜಿಕ ನಾಲಿಗಿ ಕೆಳಗ ಎರಡು ಹನಿ ಬಿಡ್ರಿ."

ಜಗತ್ತಿನ ಪ್ರತಿಯೊಂದು ಮಾತಿಗೂ ಅರ್ಥ ಕೇಳಿದ ಮನುಷ್ಯ ಆ ಒಂದು ಮಾತಿಗೆ ಕೇಳಲಿಲ್ಲ! ವಿಜಯಪುರದವನಿಗೆ ವಿಜಯಾ ಎಂದರೇನೆಂದು ಬಿಡಿಸಿ ಹೇಳಬೇಕೇ? ಊರ ಹೆಸರಿನ ಎಣ್ಣೆ, ಊರಲ್ಲೇ ಮಾಡಿದ್ದಿರಬೇಕು ಎಂದುಕೊಂಡರು. ಹೆಬ್ಬೆರಳಿನಷ್ಟು ಬಾಟಲಿಗೆ ಒಣದ್ರಾಕ್ಷಿಯ ಒಂದಿಡೀ ಬಾಕ್ಸಿನ ಬೆಲೆ ತೆತ್ತು, "ಕೇಳಿದ್ದೊಂದು, ಕೊಟ್ಟದ್ದೊಂದು," ಎಂದು ಗೊಣಗುತ್ತ ಮನೆಗೆ ತಂದರು. ಮುರಿಗೆವ್ವ ನಮ್ಮೂರ ಎಣ್ಣೆಯೆಂದು ಭಕ್ತಿಯಿಂದ ಹನಿ ಬಿಟ್ಟುಕೊಂಡಳು. ವಾರ ಕಳೆದಿರಬಹುದು, ಗೋಡೆ ಬಿಟ್ಟು ಹಾಸಿಗೆಗೆ ಬಂದಳು. ಮಗ್ಗುಲಾಗಿ, ಮೊಣಕಾಲು ಮಡಿಚಿಕೊಂಡು, ಬಾಯಿ ತೆರೆದು ನಿದ್ದೆ ಮಾಡಿದಳು. ಶಿವಶರಣಪ್ಪನವರು ಬಾಗಿಲಲ್ಲಿ ನಿಂತು ಗಳಗಳ ಅತ್ತುಬಿಟ್ಟರು.

ಊರೆಣ್ಣೆಯಿಂದಲೇ ಇಷ್ಟಾದರೆ ಗಾಂಜಾ ಸಿಕ್ಕರೆ ಇನ್ನೆಷ್ಟು ಆದೀತೆಂದು ನದೀಮನೆದುರು ಹಲುಬಿದಾಗ ಅವನು ಬಾಟಲಿ ತಿರುಗಿಸಿ ಓದಿದ. "ಕಾಕಾ, ವಿಜಯಾ ಅಂದ್ರ ಅದ ಗಿಡಾ ರೀ. ಗಾಂಜಾದ್ದು. ಸಂಸ್ಕೃತದಾಗ ಹಂಗಂತಾರಂತ, ಇಲ್ಲೇ ಬರದೈತಿ ನೋಡ್ರಿ."

ಆ ದಿನ ಅವರು ಕಿಲೋ ಕೇಳಿದವರಿಗೆ ಅರ್ಧ ಕಿಲೋ ಕಟ್ಟಿದರು, ಅರ್ಧ ಕೇಳಿದವರಿಗೆ ಕಿಲೋ. ಹೇಳಿದರೆ ಅವಳು ಬಾಟಲಿ ಬಿಸಾಡುತ್ತಾಳೆ, ಮತ್ತೆ ಗೋಡೆ. ಹೇಳದಿದ್ದರೆ ಅವಳ ಬಾಯಿಗೆ ಅವಳಿಗೇ ತಿಳಿಯದ್ದನ್ನು ದಿನವೂ ಹಾಕಿದಂತೆ. ವೈದ್ಯರು ಬರೆದ ಔಷಧ ಪಾಪವಾಗುವುದು ಹೇಗೆ? ತಮ್ಮನನ್ನು ಕೊಂದ ಗಿಡ ಅಕ್ಕನನ್ನು ಮಲಗಿಸುವುದಾದರೂ ಹೇಗೆ? ಯಾವ ತಕ್ಕಡಿಯಲ್ಲಿಟ್ಟರೂ ತೂಕ ನಿಲ್ಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋಗಿ ಹೇಳಿಯೇಬಿಟ್ಟರು.

ಮುರಿಗೆವ್ವ ಕೇಳಿದಳು: "ಸರಕಾರ ಒಪ್ಪಿ ಕಾರ್ಡ್ ಕೊಟ್ಟೈತೇನ್ರಿ?"

ಕೈ ಕೋಟಿನೊಳಗೆ ಹೋಯಿತು. ಬಬಲೇಶ್ವರದ ಕಾರ್ಡು ಬೆರಳಿಗೆ ತಾಗಿತು. ತೋರಿಸಿದ್ದರೆ ಅವಳು ನಂಬುತ್ತಿದ್ದಳು. ಬರಿಗೈ ಹೊರಗೆ ಬಂತು. "ಇಲ್ಲ," ಎಂದರು. "ನನಗ ಒಂದೂ ತಿಳೀವಲ್ತು. ನೀ ಮಕ್ಕೊಂಡಿದ್ದು ನೋಡೇನಿ, ಅಷ್ಟ."

ಅವಳು ಗೋಡೆಯ ಮಾಡದಲ್ಲಿದ್ದ ಬಾಟಲಿಯನ್ನು ಮುಟ್ಟದೆ ಮತ್ತೆ ಗೋಡೆಗೆ ಒರಗಿ ಕೂತಳು. ಎರಡು ಸಂಜೆ ಹಲ್ಲು ಕಚ್ಚಿದಳು. ಮೂರನೆಯ ಸಂಜೆ ಕರೆದಳು: "ಬರ್ರಿ ಇಲ್ಲಿ. ಅದನ್ನ ಮುಟ್ಟಿದ ಕೈಲೆ ನಾ ಲಿಂಗಾ ಮುಟ್ಟಾಂಗಿಲ್ಲ. ನೀವ ಹಾಕ್ರಿ. ಪಾಪ ನಿಮ್ಮ ಕೈಗಿರಲಿ, ಔಷಧ ನನ್ನ ಬಾಯಿಗಿರಲಿ."

ಅವಳು ಅಂದದ್ದು ಅರ್ಧ ನೋವಿನಲ್ಲಿ, ಅರ್ಧ ಚೇಷ್ಟೆಯಲ್ಲಿ. ಇವರು ಕೇಳಿಸಿಕೊಂಡದ್ದು ಪೂರ್ತಿ ಮನಸ್ಸಿನಿಂದ. ಅಂದಿನಿಂದ ದಿನವೂ ಎರಡು ಹನಿ ಅವರ ಕೈಯಿಂದಲೇ ಬೀಳುತ್ತವೆ, ಮುರಿಗೆವ್ವ ಮಲಗುತ್ತಾಳೆ. ಮತ್ತು ಅಂದಿನಿಂದ, ಮದುವೆಯಾದಾಗಿನಿಂದ ಜೊತೆಯಲ್ಲೇ ಲಿಂಗಪೂಜೆಗೆ ಕೂಡುತ್ತಿದ್ದ ಶಿವಶರಣಪ್ಪನವರು ದೇವರ ಕೋಣೆಯ ಹೊಸ್ತಿಲು ದಾಟಿಲ್ಲ. ಹೂವು ತಂದು ಹೊರಗೇ ಇಡುತ್ತಾರೆ. ಮುರಿಗೆವ್ವ ತಾನು ಅಂದದ್ದನ್ನು ಹಿಂದೆಗೆದುಕೊಂಡು ಎಷ್ಟು ಕರೆದರೂ, "ಇರಲಿ ಬಿಡು," ಎನ್ನುತ್ತಾರೆ.

ಇಂಥವರನ್ನು ಲೋಕ ಗೊಂದಲದ ಮನುಷ್ಯರೆಂದು ನಗುತ್ತದೆ, ನಗಲಿ. ಕಾಯ್ದೆ ಬಲ್ಲವರೂ ಶಾಸ್ತ್ರ ಬಲ್ಲವರೂ ಪುಣ್ಯದ ಪಾಲಿಗೆ ಜಗ್ಗಾಡುವಾಗ, ಏನೂ ತಿಳಿಯಲಿಲ್ಲವೆಂದು ಒಪ್ಪಿಕೊಂಡ ಇವರು ಪಾಪದ ಪಾಲನ್ನು ಮರುಮಾತಿಲ್ಲದೆ ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡು, ಒಳಗಿನಿಂದ ಗಂಟೆಯ ಸದ್ದು ಕೇಳಿದಾಗ ಕೂತಲ್ಲೇ ತಲೆ ಬಾಗಿಸುತ್ತಾರೆ.