ಕಲ್ಲು ನೋಡುವ ಶಾಸ್ತ್ರ

ಮಂಗಳಮ್ಮನನ್ನು ನೋಡಲು ಬಂದವರಲ್ಲಿ ಕೆಲವರು ಅವಳ ಬಣ್ಣ ನೋಡಿದರು, ಕೆಲವರು ಅವಳ ಕೈ ನೋಡಿದರು. ನೇಗಿಲು ಹಿಡಿದು ಜಡ್ಡುಗಟ್ಟಿದ ಕೈ. ಅಪ್ಪ ಕಂಠಪ್ಪನ ಎರಡು ಕಣ್ಣಿಗೂ ಪೊರೆ ಬಂದ ಮೇಲೆ ಗಾವಡಗೆರೆಯ ಆ ಮನೆಯಲ್ಲಿ ಹೊಲದ ಕೆಲಸವೆಲ್ಲ ಒಬ್ಬಳೇ ಮಗಳ ಹೆಗಲಿಗೆ ಬಿದ್ದಿತ್ತು. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಆ ಊರುಗಳಿಂದ ಒಂದು ಸುದ್ದಿಯೂ ಬರುತ್ತಿರಲಿಲ್ಲ. ಇಪ್ಪತ್ತೈದಕ್ಕೆ ಬಿದ್ದ ಹುಡುಗಿ ಎಂದರೆ ಆ ಕಾಲಕ್ಕೆ ಮುದುಕಿಯ ಲೆಕ್ಕ. ಉಳಿದಿದ್ದದ್ದು ಗುರುಪುರದ ಒಂದೇ ಒಂದು ಗಂಡು. ಹೆಂಡತಿ ಸತ್ತವನು, ಸ್ವಲ್ಪ ತೊದಲುತ್ತಿದ್ದ, ಆದರೆ ಒಳ್ಳೆಯವನು. ಇವರು ಹೂಂ ಅಂದರೆ ಸಾಕು ಎಂದು ಕಾದು ಕೂತಿದ್ದ.

ಅಷ್ಟರಲ್ಲಿ, ಐವತ್ತಾರರ ಬೇಸಿಗೆಯಲ್ಲಿ, ಪಿರಿಯಾಪಟ್ಟಣದ ಜವಳಿ ಅಂಗಡಿಯ ಷಣ್ಮುಖಪ್ಪ ಹೆಣ್ಣು ನೋಡಲು ಬಂದ. ಒಬ್ಬನೇ ಬಂದ. ಹಿರಿಯರಿಲ್ಲದೆ ಹೆಣ್ಣು ನೋಡುವುದು ಎಲ್ಲಿಯ ಕ್ರಮ ಎಂದು ಅವ್ವ ಶಿವರುದ್ರಮ್ಮ ಒಳಗೊಳಗೇ ಗೊಣಗಿದಳು. ಗಂಡಿಗೆ ತಂದೆ ತಾಯಿ ಇಬ್ಬರೂ ಇಲ್ಲವೆಂದು ತಿಳಿದದ್ದೇ ಗೊಣಗಾಟ ನಿಂತಿತು. ಅತ್ತೆಯ ಕಾಟವಿಲ್ಲದ ಮನೆ ಯಾರಿಗುಂಟು? ಗಂಡು ಜಮಖಾನದ ಮೇಲೆ ಕೂತು ಗೋಡೆ ನೋಡಿದ, ತೊಲೆ ನೋಡಿದ, ಕಿಟಕಿಯಾಚೆಯ ಗುಡ್ಡ ನೋಡಿದ. ಮಂಗಳ ಕಾಫಿ ಕೊಟ್ಟಾಗ ಲೋಟ ನೋಡಿದ. ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ.

"ಆ ಗುಡ್ಡದ ತುದೀಲಿ ಒಂದು ಕಲ್ಲು ಇದೆಯೇನಮ್ಮ? ನೆತ್ತಿ ಮೇಲೆ ಉಂಗುರ ಕೆತ್ತಿ, ನಡುವೆ ಚುಕ್ಕಿ ಹೊಡೆದಿರೋದು?"

"ಅದೆ ಕಣ್ರೀ," ಎಂದಳು ಮಂಗಳ. ಸೌದೆಗೆ ಹೋದಾಗ ಎಷ್ಟೋ ಸಲ ಕಂಡಿದ್ದ ಕಲ್ಲು.

ಷಣ್ಮುಖಪ್ಪನ ಮುಖ ಅರಳಿಬಿಟ್ಟಿತು. ತಾನಾಡಿದ ಎರಡು ಮಾತಿಗೆ ಗಂಡಸೊಬ್ಬನ ಮುಖ ಹೀಗೆ ಅರಳುವುದನ್ನು ಮಂಗಳ ಹುಟ್ಟಿದ ಮೇಲೆ ಕಂಡಿರಲಿಲ್ಲ. ಪಾಪ, ಅಲ್ಲೇ ಅವನಿಗೆ ಮನಸ್ಸು ಕೊಟ್ಟಳು.

ಹೆಣ್ಣು ನೋಡಲು ಬಂದವರು ಹೊಲಮನೆ ನೋಡಿಕೊಂಡು ಹೋಗುವುದು ರೂಢಿ. ಷಣ್ಮುಖಪ್ಪ ಹೊಲ ದಾಟಿ ಗುಡ್ಡವನ್ನೇ ಹತ್ತಿದ. ಮಗಳ ತೋಳು ಹಿಡಿದು ಕಂಠಪ್ಪನೂ ಏದುಸಿರು ಬಿಡುತ್ತ ಹತ್ತಿದ. ತುದಿಯಲ್ಲಿ, ಮಂಡಿಯೆತ್ತರದ ಆ ಕಲ್ಲಿನ ಮುಂದೆ ಗಂಡು ಮೊಣಕಾಲೂರಿದ. ಹೆಗಲ ಮೇಲಿನ ವಲ್ಲಿ ತೆಗೆದು, ಹಾಲು ಕುಡಿದ ಮಗುವಿನ ಬಾಯಿ ಒರೆಸುವ ಹಾಗೆ ಕಲ್ಲಿನ ನೆತ್ತಿ ಒರೆಸಿದ. ಉಂಗುರದ ಸುತ್ತ ಬೆರಳಾಡಿಸಿದ. ಕಲ್ಲನ್ನೇ ಇಷ್ಟು ಮೆತ್ತಗೆ ಮುಟ್ಟುವವನು ಹೆಂಡತಿಯ ಮೇಲೆ ಕೈ ಎತ್ತುತ್ತಾನೆಯೇ ಎಂದುಕೊಂಡಳು ಮಂಗಳ.

"ಏನ್ ಕಲ್ಲು ಅದು, ಸಾವ್ಕಾರ್ರೇ?" ಎಂದು ಕಂಠಪ್ಪ ಕೇಳಿದ.

"ಹಿಂದೆ ದೇಶ ಅಳೆದೋರು ನೆಟ್ಟಿದ್ದು. ಈ ಗುಡ್ಡದ ಮೇಲೆ ನಿಂತು ಆ ಗುಡ್ಡಕ್ಕೆ ದುರ್ಬೀನು ಹಿಡಿದು ಅಳೀತಿದ್ರು. ಇಂಥವನ್ನ ಹುಡುಕ್ಕೊಂಡು ಅಲೆಯೋದು ನಂಗೊಂದು ಹುಚ್ಚು."

ಕಂಠಪ್ಪ ಮನಸಾರೆ ನಕ್ಕ. ಉಳ್ಳವರಲ್ಲಿ ಒಬ್ಬನಿಗೆ ಇಸ್ಪೀಟಿನ ಹುಚ್ಚು, ಒಬ್ಬನಿಗೆ ಶಿಕಾರಿಯ ಹುಚ್ಚು. ಇವನದು ಕಲ್ಲಿನ ಹುಚ್ಚು. ಮನೆ ಹಾಳು ಮಾಡುವಂಥದ್ದಲ್ಲ.

ಬಸ್ ಹತ್ತುವಾಗ ಷಣ್ಮುಖಪ್ಪ ಹೇಳಿದ: "ಮಳೆಗಾಲ ಕಳೀಲಿ. ಕೆ.ಆರ್. ನಗರದಿಂದ ದೊಡ್ಡೋರೊಬ್ಬರನ್ನ ಕರ್ಕೊಂಡು ಬರ್ತೀನಿ. ಅವರೂ ಒಂದ್ಸಲ ನೋಡಿಬಿಡಲಿ."

ಏನನ್ನು ನೋಡಲಿ ಎಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ದೊಡ್ಡವರನ್ನು ಕರೆತರುತ್ತೇನೆ ಎಂದು ಗಂಡಿನ ಬಾಯಲ್ಲೇ ಬಂದ ಮೇಲೆ ಕೇಳುವುದಕ್ಕೇನಿದೆ? ಮಾರನೆಯ ದಿನವೇ ಗುರುಪುರಕ್ಕೆ ಬೇಡವೆಂದು ಹೇಳಿ ಕಳಿಸಿದರು. ಆ ತೊದಲುವವನು ಆಷಾಢ ಕಳೆಯುತ್ತಲೇ ಬೇರೊಬ್ಬಳಿಗೆ ತಾಳಿ ಕಟ್ಟಿದ. ಸುದ್ದಿ ಕೇಳಿ ಶಿವರುದ್ರಮ್ಮ, "ಸದ್ಯ, ತಪ್ಪಿಸ್ಕೊಂಡ್ವಿ," ಎಂದಳು.

ಕಲ್ಲನ್ನು ಮನೆಗೆ ತರುವ ಯೋಚನೆ ಮಂಗಳಳದೇ. ಅಷ್ಟು ಇಷ್ಟಪಟ್ಟವನು ಪ್ರತಿ ಸಲವೂ ಗುಡ್ಡ ಹತ್ತಿ ಯಾಕೆ ಬೆವರಬೇಕು?

"ಸರ್ಕಾರದ ಕಲ್ಲು ಕಣೇ, ಮುಟ್ಬ್ಯಾಡ," ಎಂದಳು ಶಿವರುದ್ರಮ್ಮ.

"ಯಾವ ಸರ್ಕಾರ ಬಂದು ಕೇಳ್ತದೆ ಬುಡು," ಎಂದ ಕಂಠಪ್ಪ. "ಅಳಿಯಂದ್ರಿಗೆ ನಾವು ಇನ್ನೇನು ಕೊಡಕ್ಕಾಯ್ತದೆ?"

ಶ್ರಾವಣದ ಒಂದು ಬೆಳಿಗ್ಗೆ ಅಪ್ಪ ಮಗಳು ಎತ್ತು ಹೊಡೆದುಕೊಂಡು ಗುಡ್ಡಕ್ಕೆ ಹೋದರು. ಕಂಠಪ್ಪ ಎತ್ತಿನ ಹಗ್ಗ ಹಿಡಿದು ನಿಂತ. ಹಾರೆ ಹಾಕಿ ಮೀಟಿದವಳು ಮಂಗಳ. ಕಲ್ಲು ಎದ್ದು ಬಂದಾಗ ಗುಂಡಿಯ ತಳದ ಬಂಡೆಯ ಮೇಲೆ ಅವಳಿಗೆ ಇನ್ನೊಂದು ಗುರುತು ಕಂಡಿತು: ಅದೇ ಉಂಗುರ, ಅದೇ ಚುಕ್ಕಿ. ಯಾರಿಗೂ ಕಾಣದ ಕಡೆ ಯಾರು, ಯಾತಕ್ಕೆ ಕೆತ್ತಿದರೋ! ಅಪ್ಪನಿಗೆ ಹೇಳಲಿಲ್ಲ. ಮದುವೆಯಾದ ಮೇಲೆ ಅವನೊಬ್ಬನಿಗೇ ಹೇಳಬೇಕು, ಆ ಮುಖ ಮತ್ತೆ ಅರಳುವುದನ್ನು ನೋಡಬೇಕು ಎಂದು ಬಚ್ಚಿಟ್ಟುಕೊಂಡಳು. ದನದ ಕಾಲು ಸಿಕ್ಕಿಕೊಳ್ಳದಿರಲೆಂದು ಗುಂಡಿಗೆ ಮಣ್ಣು ತುಂಬಿ ತುಳಿದಳು. ಅಂಗಳಕ್ಕೆ ಬಂದ ಕಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು.

ದಸರಾ ಕಳೆದ ಮೇಲೆ, ಸೋಮವಾರ ಬರುತ್ತೇವೆಂದು ಬಸ್ಸಿನ ಕಂಡಕ್ಟರ್ ಕೈಲಿ ಷಣ್ಮುಖಪ್ಪ ಹೇಳಿ ಕಳಿಸಿದ. ನೆಂಟರಿಷ್ಟರು ಸೇರಿದರು. ಒಬ್ಬಟ್ಟು ಬೆಂದಿತು, ತಟ್ಟೆಯಲ್ಲಿ ವೀಳ್ಯದೆಲೆ ಕೂತಿತು. ಕಲ್ಲಿಗೆ ಮೂರು ಗೆರೆ ವಿಭೂತಿ ಎಳೆದು ಚೆಂಡು ಹೂ ಮುಡಿಸಿದರು. ಬಸ್ಸಿನಿಂದ ಷಣ್ಮುಖಪ್ಪನ ಜೊತೆ ಇಳಿದ ಮುದುಕನ ಹೆಸರು ಚಲುವಯ್ಯ. ಯಾವುದೋ ಕಚೇರಿಯಿಂದ ನಿವೃತ್ತನಾದವನು. ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು ಹೊತ್ತಿದ್ದ. ಫೋಟೋದವನನ್ನೂ ಕರೆತಂದಿದ್ದಾರೆ ಎಂದು ಹೆಂಗಸರು ತಲೆ ನೀವಿಕೊಂಡರು.

ಷಣ್ಮುಖಪ್ಪ ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ.

"ಇದನ್ನ ಯಾರು ಕಿತ್ತಿದ್ದು?"

"ನಾವೇ ಕಣ್ರೀ, ನಿಮಗೋಸ್ಕರ!" ಕಂಠಪ್ಪ ದನಿ ಬಂದ ಕಡೆಗೆ ಕೈ ಮುಗಿದ. "ನಮ್ ಮಂಗಳಂದೇ ಯೋಚ್ನೆ. ಮದ್ವೆ ಆದ್ಮೇಲೆ ಗಾಡಿ ಮೇಲೆ ನಿಮ್ಮೂರಿಗೇ ಕಳ್ಸಿಕೊಡ್ತೀವಿ."

ಷಣ್ಮುಖಪ್ಪ ಕುಸಿದು ಕೂತ. ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಅಷ್ಟು ಜನರೆದುರು, ಹೆಣದ ಮುಂದೆ ಅಳುವ ಹಾಗೆ ಅತ್ತ. ವಿಭೂತಿ ಅವನ ಕೆನ್ನೆಗೆ ಮೆತ್ತಿತು.

"ಜಾಗ ಬಿಟ್ಟ ಮೇಲೆ ಇದು ಚಟ್ನಿ ಅರೆಯೋಕೂ ಲಾಯಕ್ಕಿಲ್ಲ. ಇದರ ಬೆಲೆಯೆಲ್ಲಾ ನಿಂತ ಜಾಗದಲ್ಲಿತ್ತು! ಹಾಳು ಮಾಡಿದ್ರಲ್ಲೋ, ಮುಟ್ಠಾಳರಾ!"

"ತಪ್ಪಾಯ್ತು, ಬುಡಿ... ಮದ್ವೆ ಮಾತು ಮುಗಿಸ್ಕೊಂಡು ಆಮೇಲೆ..." ಎಂದ ಕಂಠಪ್ಪ.

"ಯಾವ ಮದುವೆ?" ಷಣ್ಮುಖಪ್ಪ ಕಣ್ಣೊರೆಸಿಕೊಳ್ಳುತ್ತ ಸಿಡುಕಿದ. "ಎಚ್.ಡಿ. ಕೋಟೆ ಕಡೆ ಸುಮ್ಮನೆ ಗುಡ್ಡ ಹತ್ತಿದ್ದಕ್ಕೆ ನಿಧಿ ಕಳ್ಳ ಅಂತ ಮರಕ್ಕೆ ಕಟ್ಟಿ ಹೊಡೆದ್ರು. ಆವತ್ತಿಂದ ಯಾವ ಊರಿಗೆ ಹೋದ್ರೂ ಹೆಣ್ಣು ನೋಡೋಕೆ ಬಂದೆ ಅಂತೀನಿ. ಕಲ್ಲು ಇಲ್ಲದ ಊರು ಇರಬಹುದು, ಹೆಣ್ಣಿಲ್ಲದ ಊರು ಎಲ್ಲಿದೆ?"

ಚಿಕ್ಕಮ್ಮನ ವರಸೆಯ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು, ಅಳುವುದಕ್ಕಲ್ಲ. ಬಾಗಿಲ ಸಂದಿಯಲ್ಲಿ ಹೊಸ ಸೀರೆ ಉಟ್ಟು ನಿಂತಿದ್ದ ಮಂಗಳಳಿಗೆ ಎಲ್ಲವೂ ಕೇಳಿಸಿತು. ನಾಚಿಕೆಯಿಂದ ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಅವನ ಕಣ್ಣೀರು ಕಂಡು. ಆ ಮನುಷ್ಯನಿಗೆ ಅಳಲು ಬರುತ್ತಿತ್ತು, ಅವಳಿಗಾಗಿ ಅಲ್ಲ ಅಷ್ಟೇ.

"ಅಳಬೇಡಿ ಷಣ್ಮುಖಪ್ಪ," ಎಂದ ಚಲುವಯ್ಯ, ತನ್ನ ಅಳತೆಯ ಸ್ಟ್ಯಾಂಡು ಕೆಳಗಿಳಿಸುತ್ತ. "ಇಂಥ ಕಲ್ಲಿನ ಕೆಳಗೆ ಬಂಡೆ ಮೇಲೂ ಅದೇ ಗುರುತು ಕೆತ್ತಿರ್ತಾರೆ. ಅದು ಸಿಕ್ಕಿದ್ರೆ ಮತ್ತೆ ನೆಡಬಹುದು."

ಇಬ್ಬರೂ ಗುಡ್ಡಕ್ಕೆ ಓಡಿದರು. ಬೇಸಿಗೆಯಲ್ಲಿ ಬೋಳಾಗಿದ್ದ ಗುಡ್ಡದಲ್ಲಿ ಈಗ ಸೊಂಟದುದ್ದ ಹುಲ್ಲು. ಕಂಠಪ್ಪನಿಗೆ ಕಣ್ಣಿಲ್ಲ. ಊರಿನವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಷಣ್ಮುಖಪ್ಪ ಮೈಯೆಲ್ಲ ಮಣ್ಣಾಗಿ ಇಳಿದು ಬಂದು, ನೆಟ್ಟಗೆ ಬಾಗಿಲಿಗೆ ಹೋಗಿ, ಮಂಗಳಮ್ಮನ ಮುಖವನ್ನು ಮೊದಲ ಸಲ ನೋಡಿದ.

"ನಿಂಗೆ ಗೊತ್ತು. ಕಿತ್ತವಳು ನೀನೇ. ಜಾಗ ತೋರಿಸು, ನಿನ್ನನ್ನೇ ಮದುವೆ ಆಗ್ತೀನಿ. ಇಷ್ಟು ಜನರ ಎದುರಿಗೆ ಹೇಳ್ತಿದೀನಿ."

"ತೋರ್ಸವ್ವ!" ಕಂಠಪ್ಪ ಗಾಳಿಯಲ್ಲಿ ಕೈಯಾಡಿಸುತ್ತ ಮಗಳನ್ನು ಹುಡುಕಿದ. "ನಿನ್ ಕಾಲಿಗ್ ಬೀಳ್ತೀನಿ, ತೋರ್ಸು!"

ಸುಳ್ಳಾಡುತ್ತಿರಲಿಲ್ಲ ಷಣ್ಮುಖಪ್ಪ, ತಾಳಿಯನ್ನೂ ಕಟ್ಟುತ್ತಿದ್ದ. ಕಣ್ಣು ಕಟ್ಟಿದರೂ ಮಂಗಳ ಆ ಜಾಗಕ್ಕೆ ನಡೆದು ಹೋಗಬಲ್ಲಳು. ಗಂಡ, ಮನೆ, ಊರಿನ ಬಾಯಿಗೆ ಬೀಗ, ಎಲ್ಲವೂ ಒಂದು ಬೆರಳು ಚಾಚಿದರೆ ಸಿಗುತ್ತಿತ್ತು.

"ನಂಗೊತ್ತಿಲ್ಲ," ಎಂದಳು.

ಕಂಠಪ್ಪ ಹೊಡೆದ. ಕುರುಡನ ಏಟು, ಒಂದು ಅವಳ ಭುಜಕ್ಕೆ ಬಿತ್ತು, ಇನ್ನೊಂದು ಕಂಬಕ್ಕೆ. ನೆಂಟರು ಒಬ್ಬಟ್ಟು ಕಟ್ಟಿಸಿಕೊಂಡು ಹೋದರು. ಅಂದಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟ, ಆ ಮನೆಗೆ ಹೆಣ್ಣು ನೋಡಲು ಮತ್ತೆ ಯಾರೂ ಬರಲಿಲ್ಲ.

ಷಣ್ಮುಖಪ್ಪ ಮಾತ್ರ ಬಂದ. ಅಂಗಡಿಗೆ ರಜೆಯಿದ್ದ ದಿನವೆಲ್ಲ ಗುದ್ದಲಿ ತಂದು ಗುಡ್ಡ ಅಗೆದ. ಈಗ ಅವನಿಗೆ ಹೆಣ್ಣಿನ ನೆಪ ಬೇಕಿರಲಿಲ್ಲ. ಹುಚ್ಚನೆಂದು ಊರೇ ದಾರಿ ಬಿಡುತ್ತಿತ್ತು. ಎರಡು ವರ್ಷಕ್ಕೆ ಅವನ ಕೈಯೂ ಜಡ್ಡುಗಟ್ಟಿತು. ಅವನು ಬಂದ ದಿನ ಮಂಗಳ ಬುತ್ತಿ ಹಿಡಿದು ಗುಡ್ಡ ಹತ್ತುತ್ತಿದ್ದಳು. ಅವನಿಗೆ ಕಾಣುವಂತೆಯೇ ಹುಲ್ಲಿನ ಮೇಲೆ, ಆ ಗುರುತಿನ ನೆತ್ತಿಯ ಮೇಲೆಯೇ ಕೂತು, ಸೀರೆ ಹರಡಿಕೊಂಡು ರಾಗಿ ರೊಟ್ಟಿ ಮುರಿಯುತ್ತಿದ್ದಳು.

"ಈಗಲಾದ್ರೂ ಹೇಳು ಮಂಗಳಮ್ಮ," ಎನ್ನುತ್ತಿದ್ದ ಅವನು ಗುದ್ದಲಿಗೆ ಒರಗಿ. "ಈಗಲೂ ಮದುವೆ ಆಗ್ತೀನಿ."

ಮಂಗಳ ಬೆರಳಿಗಂಟಿದ ಚಟ್ನಿ ನೆಕ್ಕಿ, ಅದೇ ಬೆರಳನ್ನು ದೂರಕ್ಕೆ ಚಾಚುತ್ತಿದ್ದಳು.

"ಇನ್ನೊಂಚೂರು ಆ ಕಡೆ ಅಗೀರಿ."